ಹಬ್ಬದ ಹಿಂದಿನ ಸಂಜೆ

ನ್ಯೂಜೆರ್ಸಿಯ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ನನ್ನ ಕೆಲಸ. ವರ್ಷದ ಕ್ಯಾಲೆಂಡರ್ ಮಾಡುವುದು ನಾನೇ. ಯಹೂದಿ ಮಕ್ಕಳು ಜಾಸ್ತಿ. ಕ್ರೈಸ್ತರು, ಮುಸ್ಲಿಮರು, ನಮ್ಮವರೂ ಇದ್ದಾರೆ. ಯಾವ ಹಬ್ಬಕ್ಕೆ ರಜೆ ಕೊಡಬೇಕು ಅಂತ ನಮ್ಮ ಶಾಲೆಯೇ ತೀರ್ಮಾನಿಸುತ್ತದೆ. ಹಾಗಾಗಿ ಬೈಗುಳವೂ ನಮಗೇ.

2022ರಲ್ಲಿ ಯೋಮ್ ಕಿಪ್ಪುರ್ ಅಕ್ಟೋಬರ್ 5, ಬುಧವಾರ ಬಂದಿತ್ತು. ಯಹೂದಿಗಳು ಉಪವಾಸ ಮಾಡಿ ತಪ್ಪು ಒಪ್ಪಿಕೊಳ್ಳುವ ದಿನ. ರಜೆ ಹಾಕಿದೆ. ಮಂಗಳವಾರ ಸಂಜೆ ಏಳಕ್ಕೆ ಪೋಷಕರ ಸಭೆ ಇಟ್ಟೆ. ಮರುದಿನ ಹೇಗೂ ರಜೆ, ಆರಾಮಾಗಿ ಬರುತ್ತಾರೆ ಅಂತ ನನ್ನ ಲೆಕ್ಕ. ನೋಟಿಸ್ ಹೋದ ಅರ್ಧ ಗಂಟೆಗೆ ಒಬ್ಬ ತಾಯಿಯ ಫೋನ್: "ನಮ್ಮ ದಿನ ಶುರುವಾಗೋದೇ ಹಿಂದಿನ ಸಂಜೆ, ಹೊತ್ತು ಮುಳುಗಿದಾಗ. ನೀವು ಸಭೆ ಇಟ್ಟಿರೋದು ಹಬ್ಬದ ಹೊತ್ತಲ್ಲೇ."

ನಾಲಿಗೆ ಕಚ್ಚಿಕೊಂಡೆ. ಆ ಮಂಗಳವಾರ ನಮ್ಮ ಮನೆಯಲ್ಲಿ ಆಯುಧಪೂಜೆ ಬೇರೆ. ನನ್ನ ಹಬ್ಬ ಬೆಳಿಗ್ಗೆಯೇ ಮುಗಿಯುತ್ತೆ ಅಂತ ಸುಮ್ನೆ ಇದ್ದೆ, ಅಷ್ಟೇ.

ಆಮೇಲೆ ಪಂಚಾಂಗ ಪಕ್ಕಕ್ಕಿಟ್ಟುಕೊಂಡು ಕೂತೆ. ಅವರ ಹೊಸ ವರ್ಷ ರೋಶ್ ಹಶಾನಾ ಬರುವುದು ತಿಶ್ರಿ ತಿಂಗಳ ಮೊದಲ ದಿನ. ಯೋಮ್ ಕಿಪ್ಪುರ್ ಹತ್ತನೇ ದಿನ. ನಮ್ಮ ನವರಾತ್ರಿ ಪಾಡ್ಯಕ್ಕೆ ಶುರು, ವಿಜಯದಶಮಿ ಹತ್ತಕ್ಕೆ! 2022, 2024, 2025 ಮೂರೂ ವರ್ಷ ಯೋಮ್ ಕಿಪ್ಪುರ್, ವಿಜಯದಶಮಿ ಒಂದೇ ದಿನ ಬಂದವು. ಅವರಲ್ಲೂ ಅಧಿಕ ಮಾಸ ಇದೆ, 19 ವರ್ಷಕ್ಕೆ ಏಳು. ಅದು ನಮ್ಮದರ ಜೊತೆ ಹೊಂದದ ವರ್ಷ ಹಬ್ಬಗಳು ಒಂದು ತಿಂಗಳು ದೂರ ಹೋಗುತ್ತವೆ. ಈದ್‌ಗೆ ಆ ಅಧಿಕ ಮಾಸವೇ ಇಲ್ಲ. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಚಂದ್ರ ಕಾಣುವವರೆಗೆ ತಾರೀಕೂ ಖಚಿತವಲ್ಲ. ಅದಕ್ಕೆ ಈದ್ ಬರಬಹುದಾದ ಎರಡು ದಿನವೂ ಪರೀಕ್ಷೆ ಇಡುವುದಿಲ್ಲ.

ರಜೆ ಕೊಡುವುದು ಸುಲಭ. ಜಗಳ ಬಂದದ್ದೆಲ್ಲ ಅದರ ಆಚೀಚೆ. ಒಂಬತ್ತನೇ ತರಗತಿಯ ಒಬ್ಬ ಯಹೂದಿ ಹುಡುಗ ಯೋಮ್ ಕಿಪ್ಪುರ್ ದಿನ ಪೆನ್ನು ಹಿಡಿಯುವುದಿಲ್ಲ, ಕಂಪ್ಯೂಟರ್ ಮುಟ್ಟುವುದಿಲ್ಲ. ಹೋಮ್‌ವರ್ಕ್ ಕಳಿಸಲು ಗಡುವು ರಜೆಯ ರಾತ್ರಿ 11:59. ಸಾಫ್ಟ್‌ವೇರ್ ತಾನಾಗಿಯೇ ಸೊನ್ನೆ ಹಾಕಿತು. ಮರುದಿನ ಬೆಳಿಗ್ಗೆ ಗಣಿತ ಪರೀಕ್ಷೆ ಬೇರೆ. ಸುಮಾರು 25 ಗಂಟೆ ನೀರೂ ಕುಡಿಯದೆ ಇದ್ದು, ರಾತ್ರಿ ಊಟ ಮಾಡಿದ ಹುಡುಗ ಯಾವಾಗ ಓದಬೇಕು? ಈಗ ಹಿಂದಿನ ಸಂಜೆ ಏನೂ ಇಲ್ಲ, ಮರುದಿನ ಪರೀಕ್ಷೆ ಇಲ್ಲ, ಗಡುವು ಒಂದು ದಿನ ಆಚೆಗೆ. ನೂರಕ್ಕೆ ನೂರು ಹಾಜರಿಯ ಬಹುಮಾನವನ್ನೂ ಕೈಬಿಟ್ಟೆವು. ಈದ್‌ಗೆ ಮನೆಯಲ್ಲಿ ಉಳಿದ ಹುಡುಗಿಗೆ ಅದು ತಪ್ಪಿಹೋಗಿತ್ತು.

ರಂಜಾನ್‌ನಲ್ಲಿ ಉಪವಾಸ ಇರುವ ಮಕ್ಕಳಿಗೆ ಊಟದ ಹೊತ್ತಲ್ಲಿ ಲೈಬ್ರರಿ ತೆರೆದಿರುತ್ತದೆ. ದೀಪಾವಳಿಗೆ ಇನ್ನೂ ರಜೆ ಇಲ್ಲ. ಕೇಳಿದರೆ ಆಫೀಸಿನವಳೇ ತನ್ನ ಹಬ್ಬಕ್ಕೆ ರಜೆ ಹಾಕಿಕೊಂಡಳು ಅಂತಾರೆ ಅನ್ನೋ ಸಂಕೋಚ ನನಗೆ.

2026ರ ರೋಶ್ ಹಶಾನಾ ಸೆಪ್ಟೆಂಬರ್ 12, 13, ಶನಿವಾರ ಭಾನುವಾರ. ಒಂದು ರಜೆ ಉಳಿಯಿತು ಅಂತ ಪ್ರಿನ್ಸಿಪಾಲರಿಗೆ ಖುಷಿ. ಆ ಶನಿವಾರವೇ ಫುಟ್‌ಬಾಲ್ ಪಂದ್ಯ ಇದೆ ಅಂತ ನಾನಿನ್ನೂ ಅವರಿಗೆ ಹೇಳಿಲ್ಲ.