ಮಂಡಿ ನೋವು ಅಂತ ಬಂದವರ ಸೊಂಟ ಮೊದಲು ನೋಡುತ್ತೇನೆ

"ನೋವು ಮಂಡೀಲಿ ಡಾಕ್ಟ್ರೇ, ನೀವು ಸೊಂಟ ಯಾಕೆ ತಿರುಗಿಸ್ತೀರಿ?" ಶಿರಸಿಯಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಈ ಮಾತು ಕೇಳಿ ಕೇಳಿ ರೂಢಿಯಾಗಿದೆ. ಕೇಳಲೇಬೇಕಾದ ಪ್ರಶ್ನೆ ಅದು. ನಾನು ಕೆಲಸ ಮಾಡುವ ರೀತಿಯೆಲ್ಲ ಅದರ ಉತ್ತರದಲ್ಲೇ ಇದೆ.

ಸೊಂಟದ ಕೀಲಿಗೆ ಹೋಗುವ ನರಗಳೇ ಮಂಡಿಗೂ ಹೋಗುತ್ತವೆ. ತೊಡೆಯ ಮುಂದಿನಿಂದ ಇಳಿಯುವ ಫೆಮೋರಲ್ ನರ, ಒಳಮಗ್ಗುಲಲ್ಲಿ ಇಳಿಯುವ ಆಬ್ಚುರೇಟರ್ ನರ, ಎರಡೂ ಎರಡು ಕೀಲುಗಳಿಗೂ ಕವಲು ಕೊಡುತ್ತವೆ. ಹಾಗಾಗಿ ಸೊಂಟದ ಕೀಲು ಸವೆದರೂ ಕೆಲವರಿಗೆ ನೋವು ಬರೋದು ಮಂಡಿಯ ಮೇಲೆ, ಅದರಲ್ಲೂ ಒಳಪಕ್ಕ. ಮಂಡಿಗೆ ಎಣ್ಣೆ ತಿಕ್ಕಿ, ಪಟ್ಟಿ ಕಟ್ಟಿ ತಿಂಗಳುಗಟ್ಟಲೆ ಕಳೆದವರನ್ನು ಬಹಳ ನೋಡಿದ್ದೇನೆ.

ಮಕ್ಕಳ ವಿಷಯದಲ್ಲಂತೂ ಇದು ತುಂಬಾ ಮುಖ್ಯ. ಹತ್ತರಿಂದ ಹದಿನಾರರ ವಯಸ್ಸಿನ ಮಗು ಮಂಡಿ ನೋವು ಅಂತ ಕುಂಟಿದರೆ, ಸುಮ್ನೆ ಆಟದಲ್ಲಿ ಬಿದ್ದಿರಬೇಕು ಅಂತ ಬಿಡಬೇಡಿ. ಆ ವಯಸ್ಸಿನಲ್ಲಿ ತೊಡೆಮೂಳೆಯ ತಲೆ, ಅಂದರೆ ಸೊಂಟದ ಕೀಲಲ್ಲಿ ಕೂರುವ ಅದರ ಉರುಟು ತುದಿ, ಬೆಳವಣಿಗೆಯ ಪದರದ ಹತ್ತಿರ ಜಾರುವುದುಂಟು. ಅಂಥ ಮಗುವನ್ನು ಅದೇ ದಿನ ಸೊಂಟದ ಎಕ್ಸ್-ರೇಗೆ ಕಳಿಸುತ್ತೇನೆ. ವ್ಯಾಯಾಮದ ಮಾತೇ ಎತ್ತುವುದಿಲ್ಲ.

ಈ ಕೀಲನ್ನು ನಾನು ಪುಸ್ತಕಕ್ಕಿಂತ ಜಾಸ್ತಿ ನನ್ನ ಮೈಮೇಲೇ ಕಲಿತೆ. ನೀವೂ ಮಾಡಿ ನೋಡಬಹುದು. ಸೊಂಟದ ಮೇಲೆ ಕೈ ಇಟ್ಟರೆ ಸಿಗೋದು ಇಲಿಯಮ್ ಮೂಳೆಯ ಅಂಚು. ಅದನ್ನೇ ಹಿಡಿದು ಮುಂದೆ ಬಂದರೆ ಒಂದು ಗಟ್ಟಿ ಮೊನೆ. ಅಂಗೈಯನ್ನು ತೊಡೆಯ ಹೊರಪಕ್ಕ ಮೇಲ್ಭಾಗದಲ್ಲಿಟ್ಟು ಕಾಲನ್ನು ಒಳಗೆ ಹೊರಗೆ ತಿರುಗಿಸಿ. ಕೈಯಡಿ ಒಂದು ಗಡ್ಡೆ ಹೊರಳುತ್ತದೆ. ಅದು ಗ್ರೇಟರ್ ಟ್ರೊಕ್ಯಾಂಟರ್. ತುಂಬಾ ಜನ ಅದನ್ನೇ ಕೀಲು ಅಂದುಕೊಳ್ಳುತ್ತಾರೆ. ನಿಜವಾದ ಕೀಲು ಇನ್ನೂ ಒಳಗೆ, ತೊಡೆಸಂದಿನ ಆಳದಲ್ಲಿದೆ. ರುಬ್ಬುವ ಒರಳಲ್ಲಿ ಗುಂಡು ಕೂತ ಹಾಗೆ ತೊಡೆಮೂಳೆಯ ತಲೆ ಅಲ್ಲಿ ಕೂತಿರುತ್ತದೆ. ತಲೆಯಿಂದ ಹೊರಟ ಕತ್ತು ದೊಡ್ಡವರಲ್ಲಿ ಸುಮಾರು 125 ರಿಂದ 130 ಡಿಗ್ರಿ ಕೋನದಲ್ಲಿ ಬಾಗಿ ಮೂಳೆಯ ದಿಂಡಿಗೆ ಸೇರುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಅಜ್ಜ ಅಜ್ಜಿಯರು ಜಾರಿ ಬಿದ್ದಾಗ ಎಷ್ಟೋ ಸಲ ಮುರಿಯೋದು ಈ ಕತ್ತೇ. ಬಿದ್ದ ಕಾಲು ಗಿಡ್ಡವಾಗಿ ಪಾದ ಹೊರಗೆ ತಿರುಗಿ ಮಲಗಿದ್ದರೆ ತಿಕ್ಕಬೇಡಿ, ಎಬ್ಬಿಸಿ ನಡೆಸಲೂ ಬೇಡಿ. ಹಾಗೇ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ಯಿರಿ.

ಪರೀಕ್ಷೆ ಶುರುವಾಗೋದು ಬಾಗಿಲಿನಿಂದ ಕುರ್ಚಿಯವರೆಗಿನ ನಡಿಗೆಯಲ್ಲಿ. ಆಮೇಲೆ "ನೋವು ಎಲ್ಲಿ, ಕೈಯಲ್ಲೇ ತೋರಿಸಿ" ಅನ್ನುತ್ತೇನೆ. ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ತೊಡೆಸಂದಿಗೆ ಬರುವಂತೆ ಸೊಂಟದ ಪಕ್ಕವನ್ನೇ ಹಿಡಿದು ತೋರಿಸಿದರೆ ಕೀಲಿನ ಮೇಲೆ ಅನುಮಾನ ಬರುತ್ತದೆ. ಬೆನ್ನ ಕೆಳಗೆ ತೋರಿಸಿದರೆ ಹುಡುಕುವ ದಾರಿಯೇ ಬೇರೆ.

ಸಿದ್ದಾಪುರದ ಕಡೆಯ ಒಬ್ಬ ತೋಟದವರು ಬಲ ಮಂಡಿ ಹಿಡಿದುಕೊಂಡೇ ಒಳಗೆ ಬಂದರು. ಕೈಯಲ್ಲಿ ಮಂಡಿಯ ಎಕ್ಸ್-ರೇ, ವಯಸ್ಸಿಗೆ ತಕ್ಕ ಸವೆತ ಬಿಟ್ಟರೆ ಏನಿಲ್ಲ. ಅಂಗಾತ ಮಲಗಿಸಿದೆ. ಸೊಂಟ, ಮಂಡಿ ಎರಡನ್ನೂ ತೊಂಬತ್ತು ಡಿಗ್ರಿಗೆ ಮಡಚಿ, ಪಾದವನ್ನು ಮೆಲ್ಲಗೆ ಹೊರಗೆ ಒಯ್ದೆ. ಪಾದ ಹೊರಗೆ ಹೋದರೆ ಸೊಂಟದ ಕೀಲು ಒಳಕ್ಕೆ ತಿರುಗುತ್ತದೆ. ಎಡಗಾಲು ಸಲೀಸಾಗಿ ಮೂವತ್ತು ಡಿಗ್ರಿ ದಾಟಿತು. ಬಲಗಾಲು ಅಲ್ಲಾಡಲೇ ಇಲ್ಲ, ಬದಲಿಗೆ ಇಡೀ ಸೊಂಟವೇ ಹಾಸಿಗೆಯಿಂದ ಎದ್ದಿತು. "ಹಾಂ, ಇದೇ ನೋವು!" ಅಂದರು. ನಾನು ಅವರ ಮಂಡಿಯನ್ನು ತಿರುಚಿರಲೇ ಇಲ್ಲ. ಕೀಲು ಸವೆಯುವಾಗ ಮೊದಲು ಕಡಿಮೆಯಾಗೋದು ಸಾಮಾನ್ಯವಾಗಿ ಈ ಒಳತಿರುವು. ಸೊಂಟದ ಎಕ್ಸ್-ರೇಯಲ್ಲಿ ತೊಡೆಮೂಳೆಯ ತಲೆಗೂ ಅದು ಕೂರುವ ಗುಳಿಗೂ ನಡುವಿನ ಸಂದು ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಮೂಳೆ ಡಾಕ್ಟರ ಹತ್ತಿರ ಕಳಿಸಿದೆ.

ಎರಡನೇ ಪರೀಕ್ಷೆ ಒಂಟಿಕಾಲಲ್ಲಿ ನಿಲ್ಲಿಸುವುದು. ಹೀಗೆ ನಿಂತಾಗ ಸೊಂಟ ಎತ್ತಿದ ಕಾಲಿನ ಕಡೆಗೆ ಕುಸಿಯದಂತೆ ಹಿಡಿಯೋದು ನಿಂತ ಕಾಲಿನ ಪಕ್ಕದ ಸ್ನಾಯು, ಗ್ಲೂಟಿಯಸ್ ಮೀಡಿಯಸ್. ಅದು ಸೋತರೆ ಎತ್ತಿದ ಕಡೆ ಸೊಂಟ ಕೆಳಗೆ ಬೀಳುತ್ತದೆ. ಹುಟ್ಟಿನಿಂದಲೇ ಕೀಲು ತಪ್ಪಿದವರು ಓಲಾಡುತ್ತಾ ಯಾಕೆ ನಡೆಯುತ್ತಾರೆ ಅಂತ ವಿವರಿಸುತ್ತಾ ಜರ್ಮನಿಯ ಸರ್ಜನ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ಇದನ್ನು ಬರೆದರು. ಉಪಕರಣ ಬೇಡ, ಖರ್ಚಿಲ್ಲ. ಇಂದಿಗೂ ಇದಕ್ಕಿಂತ ಸರಳವಾದ ಪರೀಕ್ಷೆ ನನಗೆ ಸಿಕ್ಕಿಲ್ಲ.

ಆ ಸ್ನಾಯು ಕೀಲಿನ ಹತ್ತಿರವೇ ಇದೆ, ಮೈಭಾರ ಬೀಳೋದು ದೂರದಲ್ಲಿ. ಹಾಗಾಗಿ ಅದು ತುಂಬಾ ಬಲ ಹಾಕಿ ಎಳೆಯಬೇಕು. ಒಂಟಿಕಾಲಲ್ಲಿ ನಿಂತಾಗ ಕೀಲಿನ ಮೇಲೆ ಮೈತೂಕದ ಎರಡೂವರೆಯಿಂದ ಮೂರು ಪಟ್ಟು ಭಾರ ಬರುತ್ತದೆ. ಅರವತ್ತು ಕಿಲೋದವರಿಗೆ ಅದು ನೂರೈವತ್ತು ಕಿಲೋ ದಾಟಿತು. ನಡೆಯುವಾಗ ಪ್ರತಿ ಹೆಜ್ಜೆಗೂ ಹೀಗೇ. ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿರಬೇಕು ಅನ್ನೋದು ಇದಕ್ಕೇ. ಅಲ್ಲಿಂದ ಕೀಲಿಗೆ ದೂರ ಜಾಸ್ತಿ, ಸ್ವಲ್ಪ ಊರಿದರೂ ಸ್ನಾಯುವಿನ ಹೊರೆ ಚೆನ್ನಾಗಿ ಇಳಿಯುತ್ತದೆ. ನಮ್ಮಲ್ಲಿ ಹೆಚ್ಚಿನವರು ನೋವಿರುವ ಕಡೆಯೇ ಕೋಲು ಹಿಡಿಯುತ್ತಾರೆ. ಕೈ ಬದಲಿಸಿ ನಾಲ್ಕು ಹೆಜ್ಜೆ ಹಾಕಿಸಿದರೆ ಅವರಿಗೇ ಗೊತ್ತಾಗುತ್ತದೆ.

ಅಡಿಕೆ ಸುಗ್ಗಿಯಲ್ಲಿ ಬರುವವರ ಕಥೆ ಇನ್ನೊಂದು. ಮೆಟ್ಟುಗತ್ತಿ ಮುಂದೆ ಸೊಂಟ ಮಡಚಿ ಕೂತು ರಾತ್ರಿಯವರೆಗೂ ಸುಲಿಯುವ ಹೆಂಗಸರು ಎದ್ದಾಗ ಬೆನ್ನು ಹಿಡಿದುಕೊಳ್ಳುತ್ತಾರೆ. ಬೆನ್ನುಮೂಳೆಯಿಂದ ಹೊರಟು ತೊಡೆಮೂಳೆಯ ಒಳಗಿನ ಗುಬುಟಿಗೆ ಅಂಟುವ ಇಲಿಯೋಸೋವಾಸ್ ಸ್ನಾಯು ಅಷ್ಟು ಹೊತ್ತೂ ಕುಗ್ಗಿರುತ್ತದೆ. ನೇರ ನಿಂತಾಗ ಅದು ಬೆನ್ನನ್ನೇ ಮುಂದಕ್ಕೆ ಜಗ್ಗುತ್ತದೆ. "ಸುಲಿಯೋದು ಬಿಡಿ ಅಕ್ಕ" ಅನ್ನಲು ಆಗುತ್ತದೆಯೇ? ಅದು ಅವರ ದುಡಿಮೆ. ನಾನು ಹೇಳೋದು ಇಷ್ಟೇ. ಬುಟ್ಟಿ ಖಾಲಿಯಾದಾಗೆಲ್ಲ ಏಳಿ. ಕಂಬ ಹಿಡಿದು ಒಂದು ಕಾಲು ಹಿಂದೆ ಇಟ್ಟು, ಬೆನ್ನು ಬಗ್ಗಿಸದೆ ಸೊಂಟವನ್ನು ಮುಂದೆ ಒತ್ತಿ. ತೊಡೆಸಂದು ಎಳೆಯಬೇಕು, ಬೆನ್ನು ಎಳೆಯಬಾರದು. ರಾತ್ರಿ ಮಲಗುವ ಮೊದಲು ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತಿ ಇಳಿಸಿ. ಕಾಲು ಸ್ವಲ್ಪ ಹಿಂದಿರಲಿ, ಬೆರಳು ಚಾವಣಿ ನೋಡದಿರಲಿ. ಬೆರಳು ಮೇಲಾದರೆ ಕೆಲಸವನ್ನು ತೊಡೆಯ ಮುಂದಿನ ಸ್ನಾಯುಗಳು ಕದ್ದುಬಿಡುತ್ತವೆ. ಪೃಷ್ಠದ ಪಕ್ಕ, ಪ್ಯಾಂಟಿನ ಜೇಬು ಬರುವ ಜಾಗದಲ್ಲಿ ದಣಿವು ಗೊತ್ತಾದರೆ ಸರಿಯಾಗಿ ಮಾಡುತ್ತಿದ್ದೀರಿ.