ಮರದ ನೆರಳಲ್ಲೇ ಅರಳುವ ಕಾಡು ಪಿಯೋನಿ

ಚಳಿ ನಾಡಿನ ಹೂಗಿಡ ಪಿಯೋನಿಗೆ ಬಿಸಿಲು ಬೇಕೇ ಬೇಕು ಎನ್ನುವ ಮಾತು ನರ್ಸರಿಗಳಲ್ಲಿ ಸಿಗುವ ದಪ್ಪ ಹೂವಿನ ತಳಿಗಳಿಗೆ ಸರಿ. ಜಪಾನ್, ಕೊರಿಯಾ, ಚೀನಾದ ಎಲೆ ಉದುರುವ ಕಾಡುಗಳಲ್ಲಿ ಬೆಳೆಯುವ ಪಿಯೋನಿಯಾ ಒಬೊವಾಟಾಗೂ ಅದರ ಹತ್ತಿರದ ನೆಂಟ ಜಪೋನಿಕಾಗೂ ಈ ಮಾತು ಅನ್ವಯಿಸದು. ಪಶ್ಚಿಮ ಹಿಮಾಲಯದ ಬಿಳಿ ಹೂವಿನ ಪಿಯೋನಿಯಾ ಎಮೋಡಿ ಕೂಡ ಇವುಗಳ ಸಾಲಿಗೇ ಸೇರಿದ್ದು. ಮಧ್ಯಾಹ್ನದ ಬಿರುಬಿಸಿಲು ತಾಗಿದರೆ ಇವುಗಳ ಎಲೆಯಂಚು ಕರಕಲಾಗುತ್ತದೆ. ಆದರೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಕೊರೆಯುವ ಚಳಿ ಬೇಕು. ಬೆಂಗಳೂರು, ಮಡಿಕೇರಿಯವರು ಆಸೆ ಬಿಡುವುದೇ ಮೇಲು. ಬಾಸ್ಟನ್, ಸಿಯಾಟಲ್, ಇಂಗ್ಲೆಂಡ್ ಕಡೆ ನೆರಳಿನ ಹಿತ್ತಲು ಇರುವವರು ಧಾರಾಳವಾಗಿ ಬೆಳೆಸಬಹುದು.

ಮೊದಲು ಜಾಗ. ಓಕ್‌ನಂಥ, ಬೇರು ಆಳಕ್ಕಿಳಿಯುವ ಮರದಡಿ ಒಳ್ಳೆಯದು. ಮೇಪಲ್ ಬುಡ ಬೇಡ. ಅದರ ಮೇಲ್ಬೇರುಗಳು ನೀರನ್ನೆಲ್ಲ ಹೀರಿಬಿಡುತ್ತವೆ. ಬೆಳಗಿನ ಎರಡು ಮೂರು ಗಂಟೆಯ ಬಿಸಿಲು ಅಥವಾ ದಿನವಿಡೀ ಎಲೆಗಳ ಸಂದಿಯಿಂದ ಜಿನುಗುವ ಬೆಳಕು ಸಾಕು. ಕಗ್ಗತ್ತಲ ನೆರಳಾದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ.

ನೆಡುವ ಕಾಲ ಸೆಪ್ಟೆಂಬರ್–ಅಕ್ಟೋಬರ್. 45 ಸೆಂ.ಮೀ. ಅಗಲ, ಅಷ್ಟೇ ಆಳಕ್ಕೆ ಅಗೆದು, ತೆಗೆದ ಮಣ್ಣಿಗೆ ಮೂರರಲ್ಲೊಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ ಬೆರೆಸಿ. ಹಸಿ ಸಗಣಿ ಹಾಕಿದರೆ ಬೇರು ಕೊಳೆಯುತ್ತದೆ. ಬೇರಿನ ತಲೆಯಲ್ಲಿ ಕಬ್ಬಿನ ಕಣ್ಣಿನಂತೆ ಉಬ್ಬಿರುವ ಮೊಗ್ಗುಗಳು ಮಣ್ಣಿನಿಂದ 3ರಿಂದ 5 ಸೆಂ.ಮೀ. ಕೆಳಗಿರಬೇಕು. ಇನ್ನೂ ಆಳಕ್ಕೆ ಹೋದರೆ ಹೂವಿಗೆ ವರ್ಷಗಟ್ಟಲೆ ಕಾಯಬೇಕಾದೀತು. ಗಿಡದಿಂದ ಗಿಡಕ್ಕೆ 60 ಸೆಂ.ಮೀ. ಅಂತರ ಬಿಡಿ. ನೆಟ್ಟ ಮೊದಲೆರಡು ವರ್ಷ ಗಿಡ ಮುನಿಸಿಕೊಂಡಂತೆ ಇರುತ್ತದೆ. ಕಿತ್ತು ಬೇರೆಡೆ ಹಾಕಲು ಹೋಗಬೇಡಿ.

ವಸಂತದಲ್ಲಿ ಚಿಗುರು ಬುಡದಲ್ಲೇ ಕಪ್ಪಾಗಿ ಬಾಗಿದರೆ, ಮೊಗ್ಗು ಬಿರಿಯದೆ ಕಂದಿದರೆ ಅದು ಬೊಟ್ರೈಟಿಸ್ ಬೂಷ್ಟು. ಗಾಳಿಯಾಡದ ಒದ್ದೆ ಮೂಲೆಗಳಲ್ಲಿ ಇದರ ಕಾಟ ಜಾಸ್ತಿ. ಆ ಭಾಗ ಕತ್ತರಿಸಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗಲ್ಲ. ಶರತ್ಕಾಲದಲ್ಲಿ ಒಣಗಿದ ಕಾಂಡಗಳನ್ನು ನೆಲಮಟ್ಟಕ್ಕೆ ಕೊಯ್ದು ತೆಗೆಯಿರಿ. ಎಮೋಡಿ ಬೇಗ ಚಿಗುರುವುದರಿಂದ ತಡವಾಗಿ ಬೀಳುವ ಹಿಮದ ರಾತ್ರಿ ಹಳೆಯ ಬಟ್ಟೆಯೊಂದನ್ನು ಹೊದಿಸಿ.

ಹೂವು ಕೆಲವೇ ದಿನದ್ದು. ಒಬೊವಾಟಾ, ಜಪೋನಿಕಾಗಳ ನಿಜವಾದ ಸೊಗಸು ಬೇಸಿಗೆಯ ಕೊನೆಗೆ ಕಾಯಿ ಬಿರಿದಾಗ ಎಂದರೂ ತಪ್ಪಿಲ್ಲ. ಒಳಗೆ ಕಡುಗೆಂಪು ಮತ್ತು ನೀಲಿಗಪ್ಪು ಬೀಜಗಳು ಒತ್ತೊತ್ತಾಗಿ ಕೂತಿರುತ್ತವೆ. ಕೆಂಪಗಿನವು ಜಳ್ಳು. ದುಂಡಗಿನ ನೀಲಿಗಪ್ಪು ಬೀಜಗಳನ್ನಷ್ಟೇ ಆರಿಸಿ, ಒಣಗಲು ಬಿಡದೆ ಬಿತ್ತಿ. ಒಣಗಿದ ಬೀಜ ಇನ್ನೊಂದು ವರ್ಷ ಕಾಯಿಸಬಹುದು.

ಈ ಬೀಜಕ್ಕೆ ಎರಡು ನಿದ್ದೆ. ಬೆಚ್ಚಗಿನ ತೇವದಲ್ಲಿ ಬೇರು ಮಾತ್ರ ಹೊರಡುತ್ತದೆ. ಆಮೇಲೆ ಚಳಿ ಸಿಕ್ಕರಷ್ಟೇ ಚಿಗುರು. ಹೊರಗೆ ಬಿತ್ತಿದರೆ ಸಾಮಾನ್ಯವಾಗಿ ಎರಡನೆಯ ವಸಂತಕ್ಕೆ ಎಲೆ ಕಾಣುತ್ತದೆ. ಅವಸರವಿದ್ದವರು ಒದ್ದೆ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜದ ಚೂರು) ಜೊತೆ ಜಿಪ್ ಚೀಲಕ್ಕೆ ಹಾಕಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಹಿಂಡಿದರೆ ನೀರು ತೊಟ್ಟಿಕ್ಕುವಷ್ಟು ಒದ್ದೆ ಬೇಡ, ಬೂಷ್ಟು ಬರುತ್ತದೆ. ಎರಡು ಮೂರು ತಿಂಗಳಲ್ಲಿ ಬೇರು ಬಂದು 3–4 ಸೆಂ.ಮೀ. ಆದ ಮೇಲೆ ಚೀಲವನ್ನು ಫ್ರಿಜ್‌ನಲ್ಲಿ, 4 ಡಿಗ್ರಿಯಲ್ಲಿ ಸುಮಾರು 12 ವಾರ ಇಡಿ. ಫ್ರೀಜರ್‌ನಲ್ಲಲ್ಲ. ನಂತರ ಬೇರು ಮುರಿಯದಂತೆ ಆಳವಾದ ಕುಂಡಕ್ಕೆ ದಾಟಿಸಿ.

ಮೊದಲ ವರ್ಷ ಒಂದೇ ಎಲೆ ಬರುವುದು ಸಾಮಾನ್ಯ. ಹೂವಿಗೆ ನಾಲ್ಕೈದು ವರ್ಷ. ಕುಂಡಕ್ಕೆ ಹೆಸರಿನ ಚೀಟಿ ಸಿಕ್ಕಿಸಿಡಿ. ಚಳಿಗಾಲದಲ್ಲಿ ಮೇಲೆ ಏನೂ ಕಾಣದು, ಖಾಲಿ ಕುಂಡವೆಂದು ಮನೆಯವರು ಮಣ್ಣು ಸುರಿದುಬಿಟ್ಟಾರು.