ಬಚ್ಚಲ ಪೈಪಿಗೆ ಪುಡಿ ಸುರಿಯುವ ಮುಂಚೆ

ತೀರ್ಥಹಳ್ಳಿ ಕಡೆ ಮಳೆಗಾಲದ ತಂಡಿಗೆ ತೆಂಗಿನೆಣ್ಣೆ ಪೈಪಿನೊಳಗೇ ಗಟ್ಟಿಯಾಗುತ್ತದೆ. ಅದಕ್ಕೆ ಕೂದಲು ಸುತ್ತಿಕೊಂಡರೆ ಮುಗೀತು, ಬಚ್ಚಲು ಕಟ್ಟಿತು ಅಂತಲೇ ಲೆಕ್ಕ. ಮೊದಲು ಜಾಲರಿ ತೆಗೆದು ತಂತಿಯಲ್ಲಿ ಕೂದಲು ಎಳೆದು ನೋಡಿ. ಎಷ್ಟೋ ಸಲ ಅಷ್ಟೇ ಸಾಕು.

ಅಂಗಡಿಯಲ್ಲಿ ಸಿಗುವ ಡ್ರೈನ್ ಕ್ಲೀನರ್ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ಜಿಡ್ಡನ್ನು ಸಾಬೂನು ಮಾಡಿ ಕರಗಿಸುತ್ತದೆ, ಕೈ ಮೇಲೆ ಬಿದ್ದರೆ ಚರ್ಮವನ್ನೂ ಸುಡುತ್ತದೆ. ನೀರು ತಾಗಿದ ಕೂಡಲೇ ಬಿಸಿಯಾಗಿ ಸಿಡಿಯಬಹುದು. ರಬ್ಬರ್ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ಪೊಟ್ಟಣದ ಮೇಲೆ ಬರೆದಷ್ಟೇ ಹಾಕಿ, ಮೇಲೆ ಬಗ್ಗಿ ನೋಡಬೇಡಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಲೇಬೇಡಿ, ಬೆಂಕಿ ಹತ್ತುವ ಹೈಡ್ರೋಜನ್ ಬರುತ್ತದೆ.

ಇದಕ್ಕಿಂತ ಜಾಸ್ತಿ ಹೆದರಬೇಕಾದ್ದು ಬೆರಕೆಗೆ. ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಮಳೆ ಅಂತ ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಕಾಸ್ಟಿಕ್ ಮೇಲೆ ಆಸಿಡ್ ಸುರಿದರೂ ಕುದ್ದು ಸಿಡಿಯುತ್ತದೆ. ಒಂದು ಕೆಲಸ ಮಾಡದಿದ್ದರೆ ಇನ್ನೊಂದು ಸುರಿಯುವ ಚಟ ಬೇಡ.

ನಮ್ಮಲ್ಲಿ ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗುತ್ತದಲ್ವಾ, ಅವತ್ತು ಮಾತ್ರ ಬೇರೆ ಕಡೆ ತಿರುಗಿಸಿ. ಉಳಿದ ಪುಡಿ ತೇವ ಎಳೆದು ಗಟ್ಟಿಯಾಗುತ್ತದೆ. ಪೊಟ್ಟಣದ ಸಮೇತ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಕಣ್ಣಿಗೆ ಬಿದ್ದರೆ ಹರಿಯುವ ನೀರಲ್ಲಿ ಕನಿಷ್ಠ 20 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ನುಂಗಿದವರಿಗೆ ವಾಂತಿ ಮಾಡಿಸಬೇಡಿ. ಪುಡಿ ಹಾಕಿಯೂ ನೀರು ಇಳಿಯದಿದ್ದರೆ ರಬ್ಬರ್ ಪಂಪು ಒತ್ತಬೇಡಿ, ಮುಖಕ್ಕೇ ಹಾರುತ್ತದೆ. ಪ್ಲಂಬರ್ ಬಂದಾಗ ಪುಡಿ ಹಾಕಿದ್ದನ್ನು ಮೊದಲೇ ಹೇಳಿಬಿಡಿ.